ಬಸ್ರಾ ಹಳಿಯ ಹಿತ್ತಾಳೆ ಬಿಲ್ಲೆ

ನಮ್ಮ ಬಾಪನ, ಎಂದರೆ ಅಪ್ಪನ, ಅಜ್ಜ ಬಸ್ರಾದಲ್ಲಿ ರೈಲ್ವೆ ಆಫೀಸರ್ ಆಗಿದ್ದರು ಎಂದು ನಾನು ಐವತ್ತೆರಡನೆಯ ವಯಸ್ಸಿನವರೆಗೂ ನಂಬಿದ್ದೆ. ನಂಬಿದ್ದೆ ಎನ್ನುವುದೂ ಸರಿಯಲ್ಲ, ಅದರ ಬಗ್ಗೆ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ನೇತ್ರಾವತಿ ಹೊಳೆಯ ಬದಿಯ ನಮ್ಮ ಊರಿನಲ್ಲಿ ನಮ್ಮನ್ನು ಗುರುತಿಸುವುದೇ ‘ಬಸ್ರಾ ಮನೆಯವರು’ ಎಂದು. ಮಸೀದಿಯ ಪಟ್ಟಿಯಲ್ಲಿ, ಮದುವೆಯ ಕಾಗದದಲ್ಲಿ, ಶಾಲೆಯ ರಿಜಿಸ್ಟರಿನಲ್ಲಿ ಎಲ್ಲ ಕಡೆಯೂ ಅದೇ. ಊರಿನ ಉಳಿದವರು ದೋಣಿ, ಮೀನು, ಹೆಂಚು ಎಂದುಕೊಂಡಿದ್ದ ಕಾಲಕ್ಕೇ ಕಡಲು ದಾಟಿ ಅರಬರ ನಾಡಿನಲ್ಲಿ ರೈಲು ಓಡಿಸಿ ಬಂದವರ ವಂಶ ನಮ್ಮದು ಎಂಬ ಹೆಮ್ಮೆ ನಮ್ಮ ಬೆನ್ನನ್ನು ಸ್ವಲ್ಪ ನೆಟ್ಟಗೆ ನಿಲ್ಲಿಸಿತ್ತು.

ಅದಕ್ಕೆ ಸಾಕ್ಷಿಯಾಗಿ ಒಂದು ಹಿತ್ತಾಳೆಯ ಬಿಲ್ಲೆ ಇತ್ತು. ಅಂಗೈಯಷ್ಟು ದೊಡ್ಡದು, ಮೇಲೆ ಒಂದು ತೂತು, ನಡುವೆ ಇಂಗ್ಲಿಷಿನ ಮೂರು ಅಕ್ಷರ, ಕೆಳಗೆ ನಾಲ್ಕು ಅಂಕೆ. ನಾವು ಚಿಕ್ಕವರಿದ್ದಾಗ ಪೆರ್ನಾಲ್ ಹಬ್ಬದ ಹಿಂದಿನ ದಿನ ಉಮ್ಮ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ ಹೊಳಪಿಸುತ್ತಿದ್ದರು. ಕಾಕ, ಎಂದರೆ ನನ್ನ ಅಣ್ಣ, ಕತಾರಿನಲ್ಲಿ ನೆಲೆಯೂರಿ ಅಲ್ ರಯ್ಯಾನಿನಲ್ಲಿ ವಿಲ್ಲಾ ಹಿಡಿದ ಮೇಲೆ ಬಿಲ್ಲೆಯನ್ನು ಊರಿನಿಂದ ತಂದು, ಕೆಂಪು ಮಖಮಲ್ಲಿನ ಮೇಲೆ ಕೂರಿಸಿ, ಗಾಜಿನ ಚೌಕಟ್ಟು ಹಾಕಿಸಿ ತನ್ನ ಮಜ್ಲಿಸಿನ, ಎಂದರೆ ಅತಿಥಿಗಳನ್ನು ಕೂರಿಸುವ ಕೋಣೆಯ, ಗೋಡೆಗೆ ತೂಗುಹಾಕಿದ. ಬಂದವರಿಗೆ ಖಾವಾ ಕಾಫಿ ಕೊಡುವ ಮೊದಲು ಅದನ್ನು ತೋರಿಸುತ್ತಿದ್ದ. “ನಾವು ಗಲ್ಫಿಗೆ ನಿನ್ನೆ ಮೊನ್ನೆ ಬಂದವರಲ್ಲ” ಎನ್ನುತ್ತಿದ್ದ.

ಕಳೆದ ಚಳಿಗಾಲದಲ್ಲಿ ನಮ್ಮ ಕುಟುಂಬದವರೆಲ್ಲ ದೋಹಾದಲ್ಲಿ ಸೇರುವುದೆಂದಾಯಿತು. ಸೌದಿಯಿಂದ, ದುಬೈಯಿಂದ, ಊರಿನಿಂದ ಬರುವವರಿದ್ದರು. ಆ ದಿನ ಹಂಚಲು ಒಂದು ಪುಸ್ತಿಕೆ ಮಾಡಿಸಬೇಕೆಂಬುದು ಕಾಕನ ಆಸೆ.

“ನೀನು ಬರೆಯುವವ ಅಲ್ವಾ, ಬಸ್ರಾ ಅಜ್ಜನ ಬಗ್ಗೆ ಎರಡು ಪುಟ ಬರಿ. ಸ್ವಲ್ಪ ಗತ್ತಿರಲಿ ಮಾರಾಯ” ಎಂದ.

ನಾನಿರುವುದು ಅಲ್ ಗರಾಫಾದ ಫ್ಲ್ಯಾಟಿನಲ್ಲಿ. ಕೆಲಸ ರಾಸ್ ಲಫಾನಿನ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ, ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳು ಬರೆದ ನಕ್ಷೆ, ವರದಿಗಳಿಗೆ ನಂಬರು ಹಾಕಿ, ಯಾವುದು ಹಳೆಯದು ಯಾವುದು ಹೊಸದು ಎಂದು ನೋಡಿ ಜೋಡಿಸಿಡುವವನು. ಕಾಗದದಲ್ಲಿ ತಪ್ಪು ಹುಡುಕುವುದೇ ನನ್ನ ಅನ್ನ. ಆದರೂ ಆ ಮೂರು ಅಕ್ಷರಗಳು ಏನೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹುಡುಕಿರಲಿಲ್ಲ.

ನನ್ನ ಮೇಜಿನಿಂದ ಎರಡು ಮೇಜು ಆಚೆ ಒಬ್ಬ ಇರಾಕಿ ಎಂಜಿನಿಯರ್ ಕೂರುತ್ತಿದ್ದ. ಬಸ್ರಾದವನೇ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಅವನ ಅಜ್ಜ ಬಸ್ರಾದಿಂದ ಹೊರಟ ಹಳೆಯ ಲೈನಿನಲ್ಲಿ, ಮರಳುಗಾಡಿನ ನಡುವಿನ ಯಾವುದೋ ಸಣ್ಣ ಸ್ಟೇಷನ್ನಿನ ಮಾಸ್ತರನಾಗಿದ್ದನಂತೆ. ಇವನಿಗೂ ರೈಲಿನ ಹುಚ್ಚು. ಕಂಪ್ಯೂಟರಿನ ತುಂಬ ಹಳೆಯ ಫೋಟೋಗಳು. ಬೆಳಗಿನ ಚಹಾದ ಹೊತ್ತಿಗೆ ನಾನು ಫೋನಿನಲ್ಲಿ ಬಿಲ್ಲೆಯ ಚಿತ್ರ ತೆರೆದು ಅವನ ಮುಂದೆ ಹಿಡಿದೆ.

“ನಿನ್ನ ಅಜ್ಜನೂ ನನ್ನ ಮುತ್ತಜ್ಜನೂ ಒಟ್ಟಿಗೆ ಕೆಲಸ ಮಾಡಿರಬಹುದು ನೋಡು. ನಮ್ಮವರು ಆಫೀಸರ್” ಎಂದೆ.

ಅವನು ಕನ್ನಡಕ ಹಣೆಗೇರಿಸಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟ.

“ಇದು ಆಫೀಸರದ್ದು ಅಂತ ನಿನಗೆ ಯಾರು ಹೇಳಿದ್ದು?” ಎಂದು ಮೆಲ್ಲಗೆ ಕೇಳಿದ.

“ಎಲ್ಲರೂ. ಯಾಕೆ?”

“ಯಾ ಅಖಿ, ಬೇಸರ ಮಾಡಬೇಡ. ಇಂಥದ್ದೊಂದು ನನ್ನ ಅಜ್ಜನ ಪೆಟ್ಟಿಗೆಯಲ್ಲೂ ಇತ್ತು, ಹಳಿಯ ಬದಿಯಲ್ಲಿ ಸಿಕ್ಕಿದ್ದು. ಇದು ಕೈದಿಗಳ ಬಿಲ್ಲೆ. ಜೈಲಿನಿಂದ ತಂದ ಕೂಲಿಗಳದ್ದು. ಆ ಮೂರು ಅಕ್ಷರ ಅವರ ಪಡೆಯ ಹೆಸರು, ಕೆಳಗಿನ ಅಂಕೆ ಕೈದಿಯ ನಂಬರು.”

ನಾನು ನಕ್ಕೆ. ನಿಜವಾಗಿಯೂ ನಕ್ಕೆ. ಅವನು ನಗಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಹಳೆಯ ಫೋಟೋ ತೆರೆದ. ಮರಳಿನ ಮೇಲೆ ಎರಡು ಸಾಲು ಹಳಿ, ಅದರ ಪಕ್ಕದಲ್ಲಿ ಮೊಣಕಾಲವರೆಗಿನ ಚಡ್ಡಿ ತೊಟ್ಟ ಗಂಡಸರ ಸಾಲು, ಹೆಗಲ ಮೇಲೆ ಒಂದೇ ಉದ್ದನೆಯ ಕಬ್ಬಿಣ. ಎಲ್ಲರ ಕುತ್ತಿಗೆಯಲ್ಲಿ ದುಂಡಗಿನ ಏನೋ ಒಂದು ಬಿಸಿಲಿಗೆ ಹೊಳೆಯುತ್ತಿತ್ತು.

ಅವನು ಹೇಳುತ್ತ ಹೋದ. ಮೊದಲನೆಯ ಮಹಾಯುದ್ಧದಲ್ಲಿ ತುರ್ಕರ ಮೇಲೆ ದಂಡೆತ್ತಿ ಹೋದ ಬ್ರಿಟಿಷರು ಬಸ್ರಾದಲ್ಲಿ ಇಳಿದರು. ಮುಂದೆ ಹೋಗಲು ರಸ್ತೆಯಿಲ್ಲ. ಮಳೆ ಬಂದರೆ ಕೆಸರು, ಇಲ್ಲದಿದ್ದರೆ ಧೂಳು. ಹೊಳೆಯ ದೋಣಿಗಳು ಸಾಲವು. ಆಗ ರೈಲು ಬೇಕಾಯಿತು, ಅದೂ ತುರ್ತಾಗಿ. ಹಿಂದೂಸ್ತಾನದಲ್ಲಿ ಓಡುತ್ತಿದ್ದ ಲೈನುಗಳನ್ನೇ ಕಿತ್ತು ಹಡಗಿಗೆ ಹಾಕಿ ತಂದರು. ಹಳಿಯೂ ಅಲ್ಲಿಯದು, ಎಂಜಿನ್ನೂ ಅಲ್ಲಿಯದು. ಹೊರುವ ಕೈ ಸಾಲದೆ ಬಂದಾಗ ಜೈಲುಗಳ ಬಾಗಿಲು ತೆರೆದರು. ಯುದ್ಧದ ಕೆಲಸಕ್ಕೆ ಬಂದರೆ ಉಳಿದ ಶಿಕ್ಷೆ ಮಾಫಿ ಎಂದರು.

“ನಮ್ಮ ಬಸ್ರಾದ ಮನೆಯ ಮಾಡಿಗೆ ತೊಲೆ ಯಾವುದು ಗೊತ್ತಾ? ಹಳೆಯ ಹಳಿ. ಲೈನು ಬದಲಾದಾಗ ಜನ ಕಿತ್ತು ತಂದದ್ದು. ಅದರ ಮೇಲೆ ನಿಮ್ಮ ದೇಶದ ರೈಲಿನ ಅಕ್ಷರ ಇದ್ದವು. ನಾನು ಮಲಗಿದಲ್ಲಿಂದ ಅದನ್ನು ಓದಿ ಇಂಗ್ಲಿಷ್ ಕಲಿತೆ” ಎಂದ.

ಆ ದಿನ ಏನು ಕೆಲಸ ಮಾಡಿದೆನೋ ತಿಳಿಯದು. ಒಂದೇ ನಕ್ಷೆಗೆ ಎರಡು ನಂಬರು ಹಾಕಿ ಬೈಸಿಕೊಂಡೆ. ಸಂಜೆ ಕಂಪನಿ ಬಸ್ಸಿನಲ್ಲಿ ದೋಹಾಕ್ಕೆ ಹಿಂತಿರುಗುವಾಗ ಪಕ್ಕದಲ್ಲಿದ್ದ ಉಡುಪಿ ಕಡೆಯ ಫೋರ್‌ಮನ್ “ಎಂತ ಬ್ಯಾರಿ, ಹುಷಾರಿಲ್ವಾ?” ಎಂದು ಎರಡು ಸಲ ಕೇಳಿದ. ಕಿಟಕಿಯ ಆಚೆ ಇಪ್ಪತ್ತು ವರ್ಷಗಳಿಂದ ನೋಡುತ್ತ ಬಂದ ಅದೇ ಚಪ್ಪಟೆ ಮರಳು. ಅವತ್ತು ಅದನ್ನು ನೋಡಲಾಗದೆ ಮುಂದಿನ ಸೀಟಿನ ಬೆನ್ನು ನೋಡುತ್ತ ಕುಳಿತೆ. ಕೈದಿ. ಜೈಲಿನವರು. ಈ ಶಬ್ದಗಳನ್ನು ನಮ್ಮ ಮನೆಯವರ ಜೊತೆ ಜೋಡಿಸಲು ನಾಲಿಗೆ ಒಪ್ಪುತ್ತಿರಲಿಲ್ಲ.

ಶುಕ್ರವಾರ ಜುಮಾ ನಮಾಜು ಮುಗಿಸಿ ಕಾಕನ ಮನೆಗೆ ಹೋದೆ. ಊಟದ ಮೊದಲು ಅವನನ್ನು ಮಜ್ಲಿಸಿಗೆ ಕರೆದು, ಬಾಗಿಲು ಎಳೆದು, ಎಲ್ಲವನ್ನೂ ಹೇಳಿದೆ. ಕಾಕನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

“ಯಾವನೋ ಇರಾಕಿ ಹೇಳಿದ ಅಂತ ನೀನು ನಂಬಿದ್ದಾ? ಬಾಪ ಹೇಳಿದ್ದು ಸುಳ್ಳಾ?”

“ಫೋಟೋ ಉಂಟು ಕಾಕ. ನೋಡು.”

ನೋಡಿದ. ಗೋಡೆಯ ಚೌಕಟ್ಟನ್ನು ನೋಡಿದ. ಮತ್ತೆ ಫೋನು ನೋಡಿದ. ಸೋಫಾದಲ್ಲಿ ಕುಸಿದು ಕುಳಿತು ತಲೆಯ ಟೊಪ್ಪಿ ತೆಗೆದು ಪಕ್ಕಕ್ಕಿಟ್ಟ. ಅವನು ಹಾಗೆ ಕುಳಿತದ್ದನ್ನು ನಾನು ಬಾಪ ತೀರಿದ ದಿನ ಬಿಟ್ಟರೆ ಬೇರೆ ನೋಡಿಲ್ಲ.

ಆಮೇಲೆ ನನ್ನ ಕಡೆಗೆ ತಿರುಗಿದ. “ಒಂದು ಕೆಲಸ ಮಾಡುವಾ. ಬ್ರಿಟಿಷರ ಜೈಲು ಅಲ್ವಾ? ಸ್ವಾತಂತ್ರ್ಯ ಹೋರಾಟಗಾರರು ಅಂತ ಬರಿ. ಬ್ರಿಟಿಷರ ವಿರುದ್ಧ ಎದ್ದು ನಿಂತರು, ಗಡೀಪಾರು ಮಾಡಿದರು ಅಂತ. ಯಾರು ಕೇಳ್ತಾರೆ?”

“ಯಾಕೆ ಜೈಲಿಗೆ ಹೋದದ್ದು ಅಂತ ನಮಗೆ ಗೊತ್ತಿಲ್ಲ ಕಾಕ.”

“ಗೊತ್ತಿಲ್ಲದ್ದಕ್ಕೇ ಹೇಳಿದ್ದು. ಖಲಾಸ್. ಹಾಗೆ ಬರಿ.”

“ಹಾಗೆ ಬರೀಬೇಡ” ಎಂದು ಬಾಗಿಲ ಕಡೆಯಿಂದ ದನಿ ಬಂತು.

ಮಾಮಿ ನಿಂತಿದ್ದರು. ನಮ್ಮ ಬಾಪನ ಅಕ್ಕ. ಎಂಬತ್ತೈದು ದಾಟಿದವರು, ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಕಾಕನ ಮನೆಗೆ ಬಂದಿದ್ದರು. ಬಸ್ರಾ ಅಜ್ಜನನ್ನು ಕಣ್ಣಾರೆ ಕಂಡವರು ನಮ್ಮ ಕುಟುಂಬದಲ್ಲಿ ಉಳಿದಿರುವುದು ಅವರೊಬ್ಬರೇ. ಅಜ್ಜ ಸಾಯುವಾಗ ಮಾಮಿಗೆ ಹನ್ನೆರಡೋ ಹದಿಮೂರೋ. ಊಟಕ್ಕೆ ಕರೆಯಲು ಬಂದವರು ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ. ವಾಕರ್ ಊರಿಕೊಂಡು ಒಳಗೆ ಬಂದು ಸೋಫಾದ ತುದಿಯಲ್ಲಿ ಕುಳಿತರು.

“ಮಾಮಿ, ನಿಮಗೆ ಗೊತ್ತಿತ್ತಾ?” ಎಂದು ಕಾಕ ಕೇಳಿದ.

“ಗೊತ್ತಿತ್ತು ಮೋನೆ.”

ಮಾಮಿಯ ಮಾತು ನಮ್ಮ ಬ್ಯಾರಿ ಭಾಷೆಯಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರು ಅವಸರ ಮಾಡಲಿಲ್ಲ. ಅಜ್ಜನ ಕಾಲಿಗೆ ಎಣ್ಣೆ ತಿಕ್ಕುವ ಕೆಲಸ ಚಿಕ್ಕಂದಿನಲ್ಲಿ ಅವರದ್ದಾಗಿತ್ತಂತೆ. ಎರಡೂ ಕಣಕಾಲಿನ ಸುತ್ತ ಬಳೆಯ ಹಾಗೆ ಕಪ್ಪು ಗುರುತು. “ಇದೆಂತ ಅಜ್ಜ?” ಎಂದರೆ “ಬಿದ್ದದ್ದು” ಎನ್ನುತ್ತಿದ್ದರಂತೆ. ಎರಡು ಕಾಲಿಗೂ ಒಂದೇ ರೀತಿ ಬೀಳಲು ಹೇಗೆ ಸಾಧ್ಯ ಎಂದು ಮಗುವಿಗೂ ತಿಳಿಯುತ್ತಿತ್ತು. ಕೊನೆಯ ವರ್ಷ, ಹಾಸಿಗೆ ಹಿಡಿದ ಮೇಲೆ, ಒಂದು ಮಧ್ಯಾಹ್ನ ಅಜ್ಜ ತಾವಾಗಿಯೇ ಹೇಳಿದರಂತೆ. ಅವರು ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿಯವರು. ಕಡವಿನಲ್ಲಿ ಯಾರೊಂದಿಗೋ ಜಗಳವಾಗಿ, ದೋಣಿಯ ಹುಟ್ಟಿನಿಂದ ಹೊಡೆದರು. ಆ ಮನುಷ್ಯನ ಒಂದು ಕಣ್ಣು ಹೋಯಿತು. ಅದಕ್ಕೆ ಜೈಲು, ಕಾಲಿಗೆ ಬೇಡಿ.

“ಬ್ರಿಟಿಷರೂ ಇಲ್ಲ, ಹೋರಾಟವೂ ಇಲ್ಲ” ಎಂದರು ಮಾಮಿ. “ಸಿಟ್ಟು, ಅಷ್ಟೇ.”

ಕಾಕ ಕಣ್ಣು ಮುಚ್ಚಿಕೊಂಡ. ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಮಾಮಿ ಗೋಡೆಯ ಕಡೆಗೆ ಬೆರಳು ತೋರಿಸಿದರು.

“ಮತ್ತೆ ಆ ಬಿಲ್ಲೆ, ಅದು ಅವರದ್ದೇ ಅಲ್ಲ.”

“ಅಲ್ಲವಾ?” ಎಂದು ನಾವಿಬ್ಬರೂ ಒಟ್ಟಿಗೆ ಕೇಳಿದೆವು.

ಜೈಲಿನಿಂದ ಅಜ್ಜನ ಜೊತೆ ಹಡಗು ಹತ್ತಿದವರಲ್ಲಿ ತುಳು ಮಾತಾಡುವ ಇನ್ನೊಬ್ಬ ಇದ್ದ. ಹೊಳೆಯ ಆಚೆ ದಡದವನು, ಕಳ್ಳು ಇಳಿಸುವ ಮನೆಯವನು. ಉಳಿದ ಕೈದಿಗಳೆಲ್ಲ ಬಡಗಣದವರು, ಅವರ ಮಾತು ಇವರಿಗೆ ಗೊತ್ತಾಗದು. ಹಾಗಾಗಿ ಇವರಿಬ್ಬರು ಒಟ್ಟಿಗೇ ಉಣ್ಣುವುದು, ಒಟ್ಟಿಗೇ ಮಲಗುವುದು. ಒಂದೇ ಹಳಿಯ ಒಂದು ತುದಿ ಅಜ್ಜನ ಹೆಗಲಿಗೆ, ಅವರ ಹಿಂದೆಯೇ ಅವನ ಹೆಗಲು. ಬಿಸಿಲಿಗೆ ಹಳಿ ಕಾದು ಹೆಗಲ ಚರ್ಮ ಏಳುತ್ತಿತ್ತಂತೆ. ಗೋಣಿ ಮಡಿಸಿ ಇಟ್ಟುಕೊಳ್ಳುವುದು. ಒಬ್ಬನ ಗೋಣಿ ಹರಿದರೆ ಇನ್ನೊಬ್ಬ ತನ್ನದನ್ನು ಕೊಡುವುದು.

ಅಲ್ಲಿ ಬಾವಿಯಿಲ್ಲ. ಕುಡಿಯುವ ನೀರು ಬರುವುದು ರೈಲಿನಲ್ಲೇ, ತಾವೇ ಹಾಸಿದ ಹಳಿಯ ಮೇಲೆ, ಟ್ಯಾಂಕಿನಲ್ಲಿ. ಒಂದು ದಿನ ಗಾಳಿ ಎದ್ದು ಹಿಂದೆ ಎಲ್ಲೋ ಹಳಿ ಮರಳಿನಲ್ಲಿ ಮುಚ್ಚಿಹೋಯಿತು. ನೀರಿನ ಗಾಡಿ ಬರಲಿಲ್ಲ. ಮರುದಿನವೂ ಬರಲಿಲ್ಲ. ಹೊತ್ತು ಏರಿದಂತೆ ಆ ಗೆಳೆಯ ಬಿದ್ದ. ಅಲ್ಲೇ ನಿಂತಿದ್ದ ಹಳಿ ಸಾಗಿಸುವ ಗಾಡಿಯ ನೆರಳಿಗೆ ಅವನನ್ನು ಅಜ್ಜನೇ ಎಳೆದು ಹಾಕಿದರು.

“ಅಜ್ಜನ ಹತ್ತಿರ ಒಂದು ತಗಡಿನ ಡಬ್ಬಿಯಲ್ಲಿ ನೀರಿತ್ತು” ಎಂದರು ಮಾಮಿ. “ಎರಡು ದಿನದಿಂದ ಬಟ್ಟೆಯೊಳಗೆ ಕಟ್ಟಿ ಇಟ್ಟುಕೊಂಡದ್ದು. ಅವನು ‘ನೀರ್ ಕೊರ್’, ನೀರು ಕೊಡು ಅಂತ ಕೇಳ್ತಾ ಇದ್ದ. ಅಜ್ಜ ‘ಇಜ್ಜಿ’ ಅಂದರು. ಇಲ್ಲ ಅಂದರು. ಗಾಡಿಯ ಆಚೆ ಬದಿಗೆ ಹೋಗಿ ಕುಡಿದರು. ತಿರುಗಿ ಬರುವಾಗ ಅವನು ಹೋಗಿದ್ದ.”

ಜೈಲು ಎಂದು ಕೇಳಿದಾಗ ಆದ ಆಘಾತ ಇದರ ಮುಂದೆ ಏನೂ ಅಲ್ಲ ಎನಿಸಿತು. ಅದು ಮಾನದ ಪ್ರಶ್ನೆಯಾಗಿತ್ತು. ಇದಕ್ಕೆ ಯಾವ ಹೆಸರು ಕೊಡುವುದು? ನಾವು ಹಬ್ಬ ಹಬ್ಬಕ್ಕೂ ಹುಣಸೆಹುಳಿ ಹಾಕಿ ಬೆಳಗಿದ್ದು, ನೀರು ಕೇಳಿ ಸಿಗದೆ ಸತ್ತವನ ಕುತ್ತಿಗೆಯ ಬಿಲ್ಲೆಯನ್ನು.

“ಅವನ ಮನೆಗೆ ಕೊಡಬೇಕು ಅಂತ ಬಿಚ್ಚಿ ತಂದದ್ದು” ಎಂದು ಮಾಮಿ ಮುಂದುವರಿಸಿದರು. “ಊರಿಗೆ ಬಂದ ಮೇಲೆ ಎರಡು ಸಲ ದೋಣಿ ದಾಟಿ ಹೋದರಂತೆ. ಅವನ ಮನೆ ಕಾಣುವಲ್ಲಿವರೆಗೆ ಹೋಗಿ ತಿರುಗಿ ಬಂದರಂತೆ. ಹೇಗೆ ಸತ್ತ ಅಂತ ಕೇಳಿದರೆ ಎಂತ ಹೇಳುವುದು? ಆಮೇಲೆ ಊರವರು ಬಿಲ್ಲೆ ನೋಡಿ ಆಫೀಸರ್ ಅಂದರು. ಇವರು ಅಲ್ಲ ಅನ್ನಲಿಲ್ಲ. ಅಜ್ಜ ಯಾರ ಎದುರೂ ನೀರು ಕುಡಿಯುತ್ತಿರಲಿಲ್ಲ ಮೋನೆ. ಗೋಡೆಗೆ ಮುಖ ಮಾಡಿ ಕುಡಿಯುವುದು. ನಾವು ಮಕ್ಕಳು ನಗಾಡ್ತಿದ್ದೆವು.”

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದು ಕಾಕ ಕೇಳಿದ.

“ಯಾರು ಕೇಳಿದ್ದು?” ಎಂದರು ಮಾಮಿ. ಅವರು ಎದ್ದರು. “ಅನ್ನ ತಣ್ಣಗಾಗ್ತದೆ, ಬನ್ನಿ.”

ಆ ದಿನ ಮಾಮಿ ಒಬ್ಬರೇ ಹೊಟ್ಟೆ ತುಂಬ ಉಂಡರು. ಎಪ್ಪತ್ತು ವರ್ಷದಿಂದ ಹೊತ್ತದ್ದನ್ನು ಇಳಿಸಿದ ಹಗುರವಿರಬೇಕು. ಕಾಕ ಬಿರಿಯಾನಿಯ ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತ.

ಎರಡು ವಾರ ಅವನು ನನ್ನ ಫೋನು ತೆಗೆಯಲಿಲ್ಲ. ಮಜ್ಲಿಸಿನ ಗೋಡೆಯಿಂದ ಚೌಕಟ್ಟು ಇಳಿಯಿತೆಂದು ಅತ್ತಿಗೆ ಹೇಳಿದರು. ಅವನು ಸಿಟ್ಟಾದನೆಂದೇ ನಾನು ತಿಳಿದಿದ್ದೆ. ಒಂದು ಸಂಜೆ ಅವನೇ ನನ್ನ ಫ್ಲ್ಯಾಟಿಗೆ ಬಂದ. ನಿಂತುಕೊಂಡೇ ಮಾತಾಡಿದ.

“ನಾನು ಊರಿಗೆ ಹೋಗ್ತೇನೆ. ಮಾಮಿ ಆ ಮನೆ ಎಲ್ಲಿ ಅಂತ ಹೇಳಿದ್ದಾರೆ. ಕಲ್ಲು ಕಡಿಯುವ ಗುಡ್ಡೆಯ ಕೆಳಗೆ, ಹೊಳೆ ತಿರುಗುವಲ್ಲಿ. ಯಾರಾದರೂ ಇದ್ದರೆ ಬಿಲ್ಲೆ ಕೊಟ್ಟು ಬರ್ತೇನೆ.”

“ನೀರಿನ ವಿಷಯ ಹೇಳ್ತೀಯಾ?”

“ಹೇಳದಿದ್ದರೆ ಹೋಗಿ ಪ್ರಯೋಜನ ಎಂತ?” ಎಂದ.

ನನಗೆ ಅವನ ಬಗ್ಗೆ ಆಶ್ಚರ್ಯವಾಯಿತು. ಅಣ್ಣತಮ್ಮಂದಿರಾಗಿ ಐವತ್ತು ವರ್ಷ ಬದುಕಿಯೂ ನಾನು ಅವನಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ಊರಿನಿಂದ ಕಾಕ ಫೋನು ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಮನೆ ಸಿಕ್ಕಿತ್ತು. ಆ ಸತ್ತವನ ತಮ್ಮನ ಮೊಮ್ಮಗಳು, ಅರವತ್ತರ ಹೆಂಗಸು, ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರಂತೆ. ಕಾಕ ತಾನು ಯಾರೆಂದು ಹೇಳಿ, ಬಸ್ರಾಕ್ಕೆ ಹೋದ ಅವರ ಹಿರಿಯನ ಸುದ್ದಿ ತೆಗೆದ ಕೂಡಲೇ ಅವರ ಮುಖ ಗಂಟಾಯಿತಂತೆ.

“ಆ ಮನುಷ್ಯನ ಹೆಸರು ಈ ಮನೆಯಲ್ಲಿ ಎತ್ತುವುದಿಲ್ಲ” ಎಂದರಂತೆ. “ಹೆಂಡತಿ ಮಗಳನ್ನು ಬಿಟ್ಟು ಹೋಗಿ ಅಲ್ಲಿಯೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಆ ಹೆಂಗಸು ಕಾದು ಕಾದು ಸತ್ತಳು. ಮಗಳಿಗೆ ಮದುವೆಯೇ ಆಗಲಿಲ್ಲ.”

ಇದನ್ನು ಹೇಳುವಾಗ ಕಾಕ ಫೋನಿನಲ್ಲಿ ಅಳುತ್ತಿದ್ದ. ನಾನು ಕುರ್ಚಿ ಬಿಟ್ಟು ಕಾರಿಡಾರಿಗೆ ಹೋಗಿ ಗೋಡೆಗೆ ಆತು ನಿಂತೆ. ಒಂದು ಮನೆಯವರು ಸುಳ್ಳು ಗೌರವದಲ್ಲಿ ಬದುಕಿದರೆ ಹೊಳೆಯಾಚೆ ಇನ್ನೊಂದು ಮನೆಯವರು ಸುಳ್ಳು ಅವಮಾನದಲ್ಲಿ ಬದುಕಿದ್ದರು. ನಮ್ಮ ಅಜ್ಜ ಒಂದು ಸಲ ಆ ಅಂಗಳಕ್ಕೆ ಕಾಲಿಟ್ಟಿದ್ದರೆ ಸಾಕಿತ್ತು.

ಕಾಕ ಎಲ್ಲವನ್ನೂ ಹೇಳಿದ. ನೀರಿನ ಡಬ್ಬಿಯನ್ನೂ ಬಿಡಲಿಲ್ಲ. ಆ ಹೆಂಗಸು ಬಿಲ್ಲೆಯನ್ನು ತೆಗೆದುಕೊಂಡರು. ಬೀಡಿ ಸೊಪ್ಪಿನ ಮೊರದಲ್ಲಿ ಇಟ್ಟುಕೊಂಡು ನೋಡುತ್ತ ಕುಳಿತರು. ಆಮೇಲೆ ಎದ್ದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಅವರ ಮಗ ಬಂದು, “ನೀವು ಈಗ ಹೋಗಿ. ಅಮ್ಮನಿಗೆ ಆಗ್ತಾ ಇಲ್ಲ” ಎಂದ. ಸಿಟ್ಟಿನಲ್ಲಿ ಅಲ್ಲವಂತೆ, ಆದರೆ ಕುಳಿತುಕೊಳ್ಳಿ ಎನ್ನಲೂ ಇಲ್ಲ. ಕಾಕ ತನ್ನ ಫೋನು ನಂಬರನ್ನು ಅವನಿಗೆ ಕೊಟ್ಟು ಅಂಗಳ ದಾಟಿ ಬಂದ.

ಇರಾಕಿ ಗೆಳೆಯನಿಗೆ ಈ ಕಥೆ ಹೇಳಿದೆ. ಅವನು “ಆ ಲೈನಿನ ಬದಿಯಲ್ಲಿ ಗುರುತಿಲ್ಲದ ಕಲ್ಲುಗುಪ್ಪೆ ಇದ್ದವು ಅಂತ ಅಜ್ಜ ಹೇಳುತ್ತಿದ್ದ. ಗಾಡಿ ಅಲ್ಲಿ ಹಾದುಹೋಗುವಾಗ ಡ್ರೈವರುಗಳು ಸೀಟಿ ಹೊಡೆಯುತ್ತಿರಲಿಲ್ಲವಂತೆ” ಎಂದ. ಈಗ ಅಲ್ಲಿ ಏನೂ ಉಳಿದಿಲ್ಲವಂತೆ.

ಕುಟುಂಬದ ಕೂಟ ನಡೆಯಿತು. ಪುಸ್ತಿಕೆಯೂ ಬಂತು. ಮೊದಲಿನ ಎರಡು ಪುಟ ನಾನು ಬರೆದದ್ದೇ. ನಡೆದದ್ದನ್ನು ನಡೆದ ಹಾಗೆ. ಸೌದಿಯ ದಮಾಮಿನಿಂದ ಬಂದ ಚಿಕ್ಕಪ್ಪನ ಮಗ ಅದನ್ನು ಓದಿ, “ನಮ್ಮ ಹುಡುಗಿಗೆ ಸಂಬಂಧ ಕೂಡಿಬರುವ ಹೊತ್ತು. ಇದು ಬೇಕಿತ್ತಾ ನಿಮಗೆ?” ಎಂದು ಕೂಗಾಡಿ, ಊಟ ಮಾಡದೆ ಹೆಂಡತಿ ಮಕ್ಕಳೊಂದಿಗೆ ಹೊರಟುಹೋದ. ಅವನು ಈಗಲೂ ನಮ್ಮೊಂದಿಗೆ ಮಾತಾಡುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದುವ, ಕನ್ನಡವನ್ನು ಅಕ್ಷರ ಕೂಡಿಸಿ ಓದುವ ಕಾಕನ ಮೊಮ್ಮಗಳು ಮಾತ್ರ ನನ್ನ ಪಕ್ಕ ಕುಳಿತು, ‘ಬೇಡಿ’ ಅಂದರೆ ಏನು, ‘ಹುಟ್ಟು’ ಅಂದರೆ ಏನು ಎಂದು ಕೇಳಿ ಕೇಳಿ ಎರಡು ಪುಟವನ್ನೂ ಮುಗಿಸಿದಳು.

ಮಾಮಿ ಊರಿಗೆ ಮರಳುವ ವಾರ ಕಾಕನ ಫೋನಿಗೆ ಒಂದು ಕರೆ ಬಂತು. ಹೊಳೆಯಾಚೆಯ ಮನೆಯ ಆ ಹೆಂಗಸು. ಕ್ಷಮೆಯ ಮಾತೇನೂ ಆಡಲಿಲ್ಲ. ಅವರಿಗೆ ಬೇಕಾದದ್ದು ಒಂದೇ. ಸತ್ತ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಇಡುವಾಗ ಇಷ್ಟು ಕಾಲ ಅವನಿಗೆ ಇಟ್ಟಿರಲಿಲ್ಲ. ಈ ಸಲ ಇಡುತ್ತಾರಂತೆ. ಅವನು ಹೋದ ದಿನ ಯಾವುದು, ತಿಂಗಳು ಯಾವುದು ಎಂದು ಕೇಳಿದರು.

ಕಾಕ ಫೋನನ್ನು ಮಾಮಿಯ ಕೈಗೆ ಕೊಟ್ಟ.

“ದಿನ ಗೊತ್ತಿಲ್ಲ ಮಗಳೇ, ಬೇಸಗೆ ಅಂತ ಹೇಳಿದ್ದು. ಬಿಸಿಲು ನೆತ್ತಿಗೆ ಬಂದಿತ್ತಂತೆ” ಎಂದು ಮಾಮಿ ತುಳುವಿನಲ್ಲಿ ಹೇಳಿದರು.

ಆಚೆಯಿಂದ ಆ ಹೆಂಗಸು ಇನ್ನೂ ಏನೋ ಕೇಳಿದರು. ಮಾಮಿ ಹೌದು, ಹೌದು ಎನ್ನುತ್ತ ಹೋದರು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಕಾಕ ಮತ್ತು ನಾನು ಎದ್ದು ಅಂಗಳಕ್ಕೆ ಬಂದೆವು.